ಫ್ಯಾಂಟಸಿ ಕಾದಂಬರಿಯಲ್ಲಿ ಹುಸಿ ಮುತ್ತಿಗೆ ಬರೆಯುವುದು ಹೇಗೆ?

ರಾಜ, ರಾಣಿ, ಕೋಟೆ, ಮಾಯೆ ಇರುವ ಕಲ್ಪಿತ ಲೋಕದ ಕಾದಂಬರಿ ಬರೆಯುತ್ತಿರುವವರು ನನಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: "ನಮ್ಮ ಕಡೆಯ ಸೇನೆ ಚಿಕ್ಕದು, ಶತ್ರುವಿನದು ದೊಡ್ಡದು. ಅವನನ್ನು ಬೇರೆ ಕಡೆ ಎಳೆದು ಅಸಲಿ ಜಾಗದ ಮೇಲೆ ಬೀಳಬೇಕು. ಅದಕ್ಕಾಗಿ ಒಂದು ಕೋಟೆಗೆ ಸುಮ್ಮನೆ ಮುತ್ತಿಗೆ ಹಾಕಿಸಿದ್ದೇನೆ. ಓದಿದವರು ಯಾರೂ ನಂಬುತ್ತಿಲ್ಲ. ಎಲ್ಲಿ ತಪ್ಪಿದೆ?"

ತಪ್ಪು ಇರುವುದು ಬಹುಪಾಲು ಆ 'ಸುಮ್ಮನೆ' ಎಂಬ ಮಾತಿನಲ್ಲೇ. ಹುಸಿ ಮುತ್ತಿಗೆ ಎಂದರೆ ಆ ಕೋಟೆ ಗೆಲ್ಲಬೇಕೆಂದು ಹಾಕಿದ ಮುತ್ತಿಗೆಯಲ್ಲ. ಅದನ್ನು ಕಾಪಾಡಲು ಶತ್ರುವಿನ ದೊಡ್ಡ ದಂಡು ತಾನಿದ್ದ ಜಾಗ ಬಿಟ್ಟು ಬರಲಿ ಎಂದು ಹಾಕಿದ ಮುತ್ತಿಗೆ. ಉದ್ದೇಶವಷ್ಟೇ ಹುಸಿ. ಕಂದಕದ ಈಚೆ ಮಲಗಿದ ಸೈನಿಕನಿಗೆ ಹಸಿವು, ಭೇದಿ, ಕೋಟೆಯಿಂದ ಬೀಳುವ ಬಾಣ ಎಲ್ಲವೂ ನಿಜ. ಒಳಗೆ ಸಿಕ್ಕಿಬಿದ್ದ ಊರಿನವರಿಗೂ ನಿಜ. ಅವರಿಗೆ ನಿಜವಾಗದ ಮುತ್ತಿಗೆ ಶತ್ರು ರಾಜನಿಗೂ ನಿಜ ಅನ್ನಿಸುವುದಿಲ್ಲ, ಓದುಗರಿಗೂ ಅನ್ನಿಸುವುದಿಲ್ಲ. ಕೆಳಗಿನ ಹಂತಗಳೆಲ್ಲ ಈ ಒಂದು ಮಾತನ್ನು ಹಿಡಿದೇ ಸಾಗುತ್ತವೆ.

ಬರೆಯಲು ಕೂರುವ ಮುನ್ನ ಬೇಕಾದದ್ದು

ಎರಡು ಹಾಳೆ ಸಾಕು. ಒಂದರಲ್ಲಿ ನಕ್ಷೆ. ಅದರಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಬರೆಯಬೇಡಿ, 'ಎಷ್ಟು ದಿನದ ನಡಿಗೆ' ಎಂದು ಬರೆಯಿರಿ. ಇನ್ನೊಂದು ಹಾಳೆಯಲ್ಲಿ ಉದ್ದಕ್ಕೆ ದಿನಗಳು, ಅಡ್ಡಕ್ಕೆ ಮೂರು ಕಂಬ: ಮುತ್ತಿಗೆಯ ಕೋಟೆಯಲ್ಲಿ ಏನಾಗುತ್ತಿದೆ, ಅಸಲಿ ಗುರಿಯಲ್ಲಿ ಏನಾಗುತ್ತಿದೆ, ಶತ್ರು ದಂಡು ಎಲ್ಲಿದೆ ಮತ್ತು ಅದಕ್ಕೆ ಏನು ಗೊತ್ತಾಗಿದೆ. ಕಾದಂಬರಿ ಮುಗಿಯುವವರೆಗೂ ಈ ಹಾಳೆ ಮೇಜಿನ ಮೇಲೆ ಇರಲಿ.

ಕೆಲವು ಪದಗಳು. ಲಗ್ಗೆ ಎಂದರೆ ಗೋಡೆ ಹತ್ತಿಯೋ ಒಡೆದೋ ನೇರ ನುಗ್ಗುವುದು. ಮುತ್ತಿಗೆ ಎಂದರೆ ಸುತ್ತುವರಿದು ಕೂರುವುದು. ಕೊತ್ತಲ ಅಥವಾ ಬುರುಜು ಎಂದರೆ ಗೋಡೆಯಿಂದ ಮುಂದಕ್ಕೆ ಚಾಚಿದ ಕಾವಲು ದಿಬ್ಬ. ದಿಡ್ಡಿ ಬಾಗಿಲು ಎಂದರೆ ಹೆಬ್ಬಾಗಿಲಲ್ಲದ ಸಣ್ಣ ಬಾಗಿಲು. ಮುತ್ತಿಗೆಗೆ ಸಿಕ್ಕ ಕೋಟೆಯನ್ನು ಬಿಡಿಸಲು ಹೊರಗಿನಿಂದ ಬರುವ ಸೇನೆಯನ್ನು ಇಲ್ಲಿ ಬಿಡುಗಡೆ ದಂಡು ಎನ್ನುತ್ತೇನೆ. ಹುಸಿ ಮುತ್ತಿಗೆಯ ಬೇಟೆ ಕೋಟೆಯಲ್ಲ, ಈ ಬಿಡುಗಡೆ ದಂಡು.

ಲೇಖನದುದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ನಾನೇ ಕಟ್ಟಿದ್ದು. ನಿಮ್ಮ ರಾಣಿಯ ಬಳಿ 9,000 ಜನ. ಶತ್ರು ರಾಜ 12,000 ಜನರೊಂದಿಗೆ ಹೊಳೆಬಾಗಿಲು ಎಂಬ ನದೀತೀರದ ಕೋಟೆಯಲ್ಲಿ ಕೂತಿದ್ದಾನೆ. ಅದನ್ನು ದಾಟದೆ ಅವನ ರಾಜಧಾನಿಗೆ ದಾರಿಯಿಲ್ಲ. ಅಲ್ಲಿಂದ ಆರು ದಿನದ ನಡಿಗೆಯಲ್ಲಿ ಕರಿಗಲ್ಲು ಎಂಬ ಗಿರಿದುರ್ಗ, ಅಂದರೆ ಬೆಟ್ಟದ ಕೋಟೆ, ಅವನದೇ ಇದೆ. ರಾಣಿ 3,000 ಜನರನ್ನು ಕರಿಗಲ್ಲಿಗೆ ಕಳಿಸಿ, ಉಳಿದ 6,000 ಜನರೊಂದಿಗೆ ಹೊಳೆಬಾಗಿಲಿನಿಂದ ಎರಡು ದಿನದ ದೂರದ ಕಾಡಿನಲ್ಲಿ ಅಡಗುತ್ತಾಳೆ.

ಹಂತ 1: ಶತ್ರು ಬರಲೇಬೇಕಾದ ಕಾರಣ ಕಟ್ಟಿ

ಬಹಳ ಜನ ಎಡವುವುದು ಇಲ್ಲೇ. ಕರಿಗಲ್ಲಿಗೆ ಮುತ್ತಿಗೆ ಬಿತ್ತು, ಶತ್ರು ರಾಜ ಓಡೋಡಿ ಬಂದ ಎಂದು ಬರೆದುಬಿಡುತ್ತಾರೆ. ಯಾಕೆ ಬಂದ? ಯುದ್ಧ ಬಲ್ಲ ರಾಜ ಮೊದಲು ಕೇಳುವುದು "ಆ ಕೋಟೆ ಹೋದರೆ ನನಗೇನು ನಷ್ಟ?" ಎಂದು. ಉತ್ತರ 'ಅಷ್ಟೇನಿಲ್ಲ' ಎಂದಾದರೆ ಅವನು ಕೂತ ಜಾಗದಿಂದ ಅಲುಗುವುದಿಲ್ಲ.

ಚೀನಾದ ಇತಿಹಾಸದಲ್ಲಿ ಇದಕ್ಕೆ ತೀರಾ ಹೆಸರಾದ ಪ್ರಸಂಗವಿದೆ. ಕ್ರಿ.ಪೂ. 354ರಲ್ಲಿ ವೇಯ್ ರಾಜ್ಯದ ಸೇನೆ ಝಾವ್ ರಾಜ್ಯದ ರಾಜಧಾನಿ ಹಾನ್‌ದಾನ್‌ಗೆ ಮುತ್ತಿಗೆ ಹಾಕಿತು. ಝಾವ್ ದೊರೆ ನೆರೆಯ ಛೀ ರಾಜ್ಯದ ನೆರವು ಕೇಳಿದ. ಛೀ ಸೇನಾಪತಿ ನೇರವಾಗಿ ಹಾನ್‌ದಾನ್‌ಗೇ ಹೋಗಬೇಕೆಂದಿದ್ದ. ಅವನ ಸಲಹೆಗಾರ ಸುನ್ ಬಿನ್ ಬೇಡವೆಂದ. ವೇಯ್ ರಾಜ್ಯದ ಗಟ್ಟಿ ಸೈನಿಕರೆಲ್ಲ ಹೊರಗಿದ್ದಾರೆ, ಮನೆಯಲ್ಲಿ ಉಳಿದವರು ಮುದುಕರು, ಅಶಕ್ತರು. ಅವರ ರಾಜಧಾನಿ ದಾಲ್ಯಾಂಗ್ ಕಡೆಗೇ ನಡೆಯೋಣ ಎಂಬುದು ಅವನ ಲೆಕ್ಕ. ತಮ್ಮ ಮನೆಗೇ ಕುತ್ತು ಬಂತೆಂದು ವೇಯ್ ಸೇನೆ ಧಾವಿಸಿತು. ದಣಿದು ಬರುತ್ತಿದ್ದ ಅದನ್ನು ಕ್ರಿ.ಪೂ. 353ರಲ್ಲಿ ಗುಯ್‌ಲಿಂಗ್ ಎಂಬಲ್ಲಿ ಛೀ ಸೇನೆ ಕಾದು ಹೊಡೆಯಿತು. 'ವೇಯ್‌ಗೆ ಮುತ್ತಿಗೆ ಹಾಕಿ ಝಾವ್ ಉಳಿಸು' ಎಂಬುದು ಚೀನೀಯರಲ್ಲಿ ಇಂದಿಗೂ ನಾಣ್ಣುಡಿ.

ಇಲ್ಲಿ ಕೆಲಸ ಮಾಡಿದ್ದು ಬರೀ ಮೋಸವಲ್ಲ. ದಾಲ್ಯಾಂಗ್ ನಿಜವಾಗಿಯೂ ಅಪಾಯದಲ್ಲಿತ್ತು. ವೇಯ್ ಸೇನೆ ಬಾರದೆ ಹೋಗಿದ್ದರೆ ಛೀ ಸೇನೆಗೆ ಅಲ್ಲಿಯೇ ಲಾಭವಿತ್ತು. ಒಳ್ಳೆಯ ಗಾಳ ಹೀಗಿರಬೇಕು: ಶತ್ರು ಕಚ್ಚಿದರೆ ಒಂದು ನಷ್ಟ, ಕಚ್ಚದಿದ್ದರೆ ಇನ್ನೊಂದು.

ನಮ್ಮ ನಾಡಿನ ರಾಯಚೂರಿನದು ಬೇರೆ ಬಗೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ್ದು ಆ ಕೋಟೆಯೇ ಬೇಕೆಂದು, ಅದು ಹುಸಿಯಲ್ಲ. ಆದರೂ ಕೋಟೆಯ ಒಡೆಯ, ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾನಿಗೆ ಸುಮ್ಮನಿರಲಾಗಲಿಲ್ಲ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ದೋಆಬ್ ಯಾರದು ಎಂಬ ತಲೆಮಾರುಗಳ ಜಗಳ ಆ ಕೋಟೆಯ ಬೆನ್ನಿಗಿತ್ತು. ಅವನು ಕೃಷ್ಣೆ ದಾಟಿ ಬಂದ, ಬಯಲಿನಲ್ಲಿ ಸೋತ, ಆಮೇಲೆ ಕೋಟೆಯೂ ಹೋಯಿತು. ಬಿಡುಗಡೆ ದಂಡು ನದಿ ದಾಟಿ ಬಂದು ಬೆನ್ನಿಗೆ ನೀರು ಇಟ್ಟುಕೊಂಡು ಹೋರಾಡುವ ಸ್ಥಿತಿ ಎಂಥದ್ದು ಎಂದು ತಿಳಿಯಲು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟ ವಿವರ ಓದಿ. ಗೋಡೆಯಿಂದ ಕಿತ್ತು ತಂದ ಕಲ್ಲಿಗೆ ಅದರ ಗಾತ್ರ ನೋಡಿ ಸೈನಿಕರಿಗೆ ಹಣ ಕೊಡುತ್ತಿದ್ದರು ಎನ್ನುವಂಥ ಸಣ್ಣ ಸಂಗತಿಯೂ ಅದರಲ್ಲಿದೆ. ಇಂಥ ಒಂದು ವಿವರ ನಿಮ್ಮ ಹತ್ತು ಪುಟದ ಖಡ್ಗಯುದ್ಧಕ್ಕಿಂತ ಹೆಚ್ಚು ಜೀವ ತುಂಬುತ್ತದೆ.

ನಿಮ್ಮ ಕರಿಗಲ್ಲಿನಲ್ಲಿ ಏನಿದೆ? ರಾಜನ ಹಿರಿಯ ಮಗನೇ ಅಲ್ಲಿ ಸಿಕ್ಕಿಬಿದ್ದಿರಬಹುದು. ಕುಲದೇವತೆಯ ಗುಡಿ ಇರಬಹುದು. ಮುಂಗಾರಿನವರೆಗೆ ಇಡೀ ಸೇನೆಗೆ ಬೇಕಾದ ಕಾಳು ಅಲ್ಲಿನ ಕಣಜದಲ್ಲಿರಬಹುದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು: ಕರಿಗಲ್ಲಿನ ಪಾಳೇಗಾರ ರಾಜನ ಮಿತ್ರ, ಅವನ ಹಾಗೆ ಇನ್ನೂ ಎಂಟು ಪಾಳೇಗಾರರು ರಾಜನ ದಂಡಿನಲ್ಲಿದ್ದಾರೆ. ಒಬ್ಬನನ್ನು ಕೈಬಿಟ್ಟರೆ ಉಳಿದ ಎಂಟು ಮಂದಿ ಆ ರಾತ್ರಿಯೇ ತಮ್ಮ ತಮ್ಮ ಊರಿನ ದಾರಿ ನೋಡುತ್ತಾರೆ. ಆಗ ರಾಜನಿಗೆ ಇದು ಗಾಳ ಎಂಬ ಅನುಮಾನ ಬಂದರೂ ಹೊರಡದೆ ವಿಧಿಯಿಲ್ಲ. ಹೀಗೆ ಬರೆದರೆ ಶತ್ರುವನ್ನು ದಡ್ಡನನ್ನಾಗಿ ಮಾಡುವ ಅಗತ್ಯವೇ ಬೀಳುವುದಿಲ್ಲ. ಶತ್ರು ದಡ್ಡನಾದರೆ ನಿಮ್ಮ ರಾಣಿಯ ಜಾಣ್ಮೆಗೂ ಬೆಲೆಯಿಲ್ಲ.

ಎಚ್ಚರಿಕೆ: ಈ ಕಾರಣವನ್ನು ಮುತ್ತಿಗೆಯ ಅಧ್ಯಾಯದಲ್ಲೇ ಮೊದಲ ಸಲ ಹೇಳಬೇಡಿ. ನೂರು ಪುಟ ಮೊದಲೇ, ಯಾವುದೋ ಮದುವೆಯ ಮಾತಿನಲ್ಲೋ ಕಪ್ಪಕಾಣಿಕೆಯ ಜಗಳದಲ್ಲೋ ಕರಿಗಲ್ಲು ಬಂದು ಹೋಗಿರಬೇಕು.

ಹಂತ 2: ಸರಿಯಾದ ಕೋಟೆ ಆರಿಸಿ

ತೀರಾ ದುರ್ಬಲ ಕೋಟೆಯಾದರೆ ಬಿಡುಗಡೆ ದಂಡು ಹೊರಡುವ ಮೊದಲೇ ಬಿದ್ದುಹೋಗುತ್ತದೆ; ಬಿದ್ದ ಕೋಟೆಯನ್ನು ಕಾಪಾಡಲು ಯಾರೂ ಬರುವುದಿಲ್ಲ. ತೀರಾ ಬಲವಾದದ್ದಾದರೆ "ಆರು ತಿಂಗಳು ತಡೆಯುತ್ತದೆ, ನಿಧಾನಕ್ಕೆ ಹೋಗೋಣ" ಎನ್ನುತ್ತಾರೆ. ನಿಮಗೆ ಬೇಕಾದದ್ದು ಹದಿನೈದು ಇಪ್ಪತ್ತು ದಿನ ತಡೆಯಬಹುದು, ತಡೆಯದೆಯೂ ಹೋಗಬಹುದು ಎನ್ನುವಂಥ ಕೋಟೆ. ಇದಕ್ಕೆ ಸುಲಭದ ಉಪಾಯ ನೀರು. ಗೋಡೆ ಗಟ್ಟಿ, ಕಣಜ ತುಂಬಿದೆ, ಆದರೆ ಬೆಟ್ಟದ ಮೇಲಿನ ಹೊಂಡ ಬೇಸಿಗೆಯಲ್ಲಿ ತಳ ಕಂಡಿದೆ ಎಂದಿಟ್ಟುಕೊಳ್ಳಿ. ಋತು ಬದಲಾದರೆ ಅಪಾಯವೂ ಬದಲಾಗುತ್ತದೆ, ಅದಕ್ಕೆ ವಿವರಣೆಯೂ ಬೇಕಾಗುವುದಿಲ್ಲ.

ಹಂತ 3: ದಿನಗಳ ಲೆಕ್ಕ ಹಾಕಿ

ಹುಸಿ ಮುತ್ತಿಗೆಯ ಕತೆ ನಿಲ್ಲುವುದೂ ಬೀಳುವುದೂ ಈ ಲೆಕ್ಕದ ಮೇಲೆ. ಕಾಲಾಳುಗಳ ದಂಡು ದಿನಕ್ಕೆ ಸುಮಾರು 15ರಿಂದ 20 ಕಿಲೋಮೀಟರ್ ನಡೆಯುತ್ತದೆ. ಎತ್ತಿನ ಗಾಡಿಗಳು ಜೊತೆಗಿದ್ದರೆ ಇನ್ನೂ ನಿಧಾನ. ಕುದುರೆ ಬದಲಾಯಿಸಿಕೊಳ್ಳುತ್ತ ಓಡುವ ದೂತ ಆ ದಂಡಿಗಿಂತ ಮೂರು ಪಟ್ಟು ಬೇಗ ಹೋಗುತ್ತಾನೆ ಎಂದು ಹಿಡಿಯೋಣ. ಅಂದರೆ ಕರಿಗಲ್ಲಿನಿಂದ ಹೊಳೆಬಾಗಿಲಿಗೆ ದಂಡಿಗೆ ಆರು ದಿನ, ದೂತನಿಗೆ ಎರಡು ದಿನ.

ಈಗ ಪಟ್ಟಿ ತುಂಬಿ. ಮುತ್ತಿಗೆ ಬಿದ್ದ ದಿನವನ್ನು ಸೊನ್ನೆ ಎಂದು ಎಣಿಸಿ. 2ನೇ ದಿನದ ಸಂಜೆ ಸುದ್ದಿ ಹೊಳೆಬಾಗಿಲಿಗೆ ಮುಟ್ಟುತ್ತದೆ. 3ನೇ ದಿನವೆಲ್ಲ ರಾಜನ ಸಭೆಯಲ್ಲಿ ಹೋಗಬೇಕೋ ಬೇಡವೋ ಎಂಬ ವಾದ. 4ನೇ ದಿನ ಬೆಳಗಿನ ಜಾವ 2,000 ಜನರನ್ನು ಕೋಟೆ ಕಾಯಲು ಬಿಟ್ಟು 10,000 ಜನ ಹೊರಡುತ್ತಾರೆ. ಅಂದು ರಾತ್ರಿ ರಾಣಿಯ ಬೇಹುಗಾರ ಕಾಡಿಗೆ ಬಂದು ಹೇಳುತ್ತಾನೆ: ಹೊರಟರು.

ಇಲ್ಲಿ ರಾಣಿ ಏನು ಮಾಡಬೇಕು? ತಕ್ಷಣ ನುಗ್ಗಬೇಕು ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. 5ನೇ ದಿನ ಹೊರಟು 7ನೇ ದಿನ ನಸುಕಿನಲ್ಲಿ ದಾಳಿ ಮಾಡಿದರೆ ಶತ್ರು ಮೂರು ದಿನದ ದೂರದಲ್ಲಿರುತ್ತಾನೆ. ಹೊಳೆಬಾಗಿಲಿನಿಂದ ಓಡಿದ ದೂತ 8ನೇ ದಿನ ಮಧ್ಯಾಹ್ನ ಅವನನ್ನು ದಾರಿಯಲ್ಲೇ ಹಿಡಿಯುತ್ತಾನೆ. ಅಲ್ಲಿಂದ ದೌಡಾಯಿಸಿದರೆ 12ನೇ ದಿನ ಬೆಳಿಗ್ಗೆ ದಂಡು ವಾಪಸು. ರಾಣಿಗೆ ಸಿಕ್ಕಿದ್ದು ಐದು ದಿನ.

ಬದಲಿಗೆ ಅವಳು ಎರಡು ದಿನ ಹಲ್ಲು ಕಚ್ಚಿ ಕಾಡಿನಲ್ಲೇ ಕೂತು, 7ನೇ ದಿನ ಹೊರಟು, 9ನೇ ದಿನ ನಸುಕಿನಲ್ಲಿ ನುಗ್ಗಿದರೆ? ಅಂದು ಸಂಜೆ ಶತ್ರು ಕರಿಗಲ್ಲು ಮುಟ್ಟಿರುತ್ತಾನೆ. ಸುದ್ದಿ ಅವನಿಗೆ ಸಿಗುವುದು 10ನೇ ದಿನದ ಸಂಜೆ. 11ನೇ ದಿನ ತಿರುಗಿ, ಆರು ದಿನದ ದಾರಿಯನ್ನು ಐದೇ ದಿನಕ್ಕೆ ಮುಗಿಸಿದರೂ ಅವನು ಬರುವುದು 15ನೇ ದಿನದ ಸಂಜೆಗೆ. ಈಗ ರಾಣಿಗೆ ಹೆಚ್ಚುಕಡಿಮೆ ಏಳು ದಿನ. ಬಂದವರೂ ಹೋಗಿ ಬಂದು ಹನ್ನೊಂದು ದಿನ ನಡೆದು ಸುಸ್ತಾದವರು.

ಆದರೆ ರಾಣಿ ಕಾಡಿನಲ್ಲಿ ತಾಳಿದ ಆ ಎರಡು ದಿನವನ್ನು ಕರಿಗಲ್ಲಿನ ಬುಡದಲ್ಲಿ 3,000 ಜನ ಬದುಕಬೇಕು. ತಮ್ಮ ಕಡೆಗೆ 10,000 ಜನ ಬರುತ್ತಿದ್ದಾರೆಂದು ಅವರಿಗೂ ಗೊತ್ತಾಗಿದೆ. ರಾಣಿಯ ತಾಳ್ಮೆಯ ಬೆಲೆ ಅವರ ಲೆಕ್ಕಕ್ಕೆ ಬೀಳುತ್ತದೆ. ನಿಮ್ಮ ಕಾದಂಬರಿಯ ಅತಿ ಒಳ್ಳೆಯ ಅಧ್ಯಾಯ ಇಲ್ಲಿದೆ. ದಿನಗಳನ್ನು ಎಣಿಸದವರಿಗೆ ಅದು ಕಾಣುವುದಿಲ್ಲ.

ಎಚ್ಚರಿಕೆ: ರಾಣಿಗೆ ಕರಿಗಲ್ಲಿನ ಸುದ್ದಿಯೂ ತಡವಾಗಿಯೇ ಸಿಗಬೇಕು. ಇಂದು ನಡೆದದ್ದು ಇಂದೇ ಅವಳಿಗೆ ಗೊತ್ತಾಯಿತು ಎಂದು ಬರೆದರೆ ನೀವು ಅವಳ ಕೈಗೆ ಮೊಬೈಲ್ ಕೊಟ್ಟ ಹಾಗೆ. ಅವಳು ನಿರ್ಧರಿಸುವುದು ಯಾವಾಗಲೂ ಒಂದೆರಡು ದಿನ ಹಳೆಯ ಸುದ್ದಿಯ ಮೇಲೆ.

ಹಂತ 4: ಹೊಟ್ಟೆ ಮತ್ತು ಎತ್ತು

ಒಬ್ಬ ಸೈನಿಕನಿಗೆ ದಿನಕ್ಕೆ ಸುಮಾರು 1 ಕೆಜಿ ಧಾನ್ಯ ಬೇಕು. ಕುದುರೆಗೆ 5 ಕೆಜಿ ಕಾಳು, ಅದರ ಮೇಲೆ ಅಷ್ಟೇ ಅಥವಾ ಹೆಚ್ಚು ಹುಲ್ಲು, 30 ಲೀಟರಿಗೂ ಮೇಲೆ ನೀರು. ಕರಿಗಲ್ಲಿಗೆ ಹೋದ 3,000 ಜನ, 300 ಕುದುರೆಗೆ 12 ದಿನಕ್ಕೆ 36,000 ಕೆಜಿ ಮತ್ತು 18,000 ಕೆಜಿ, ಒಟ್ಟು 54,000 ಕೆಜಿ. ಒಂದು ಹೇರೆತ್ತು, ಅಂದರೆ ಬೆನ್ನ ಮೇಲೆ ಮೂಟೆ ಹೊರುವ ಎತ್ತು, 90 ಕೆಜಿ ಹೊರುತ್ತದೆ ಎಂದರೆ 600 ಎತ್ತು ಬೇಕು. ಗಾಡಿಗೆ 500 ಕೆಜಿ ಎಂದರೆ 108 ಗಾಡಿ. ಆ ಎತ್ತುಗಳೂ ಮೇಯಬೇಕು. ಸುತ್ತಲಿನ ಹಳ್ಳಿಯ ಹುಲ್ಲುಬಣವೆ ಎಷ್ಟು ದಿನಕ್ಕೆ ಖಾಲಿಯಾಗುತ್ತದೆ, ಆ ಹಳ್ಳಿಯ ರೈತ ಏನೆನ್ನುತ್ತಾನೆ ಎಂದು ಯೋಚಿಸಿ.

ಎತ್ತು ಸತ್ತರೆ ಯುದ್ಧ ನಿಲ್ಲುತ್ತದೆ. 1791ರ ಮೇ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ ನಡೆಸುತ್ತಿದ್ದ ಕಾರ್ನ್‌ವಾಲಿಸ್ ಅರಕೆರೆಯ ಬಳಿ ಟಿಪ್ಪುವಿನ ಸೇನೆಯನ್ನು ಹಿಂದಕ್ಕೆ ತಳ್ಳಿ ಶ್ರೀರಂಗಪಟ್ಟಣದ ಹೊಸ್ತಿಲಿಗೆ ಬಂದಿದ್ದ. ಆದರೆ ಮಳೆ, ರೋಗ, ಮೇವಿಲ್ಲದ ಸ್ಥಿತಿಯಲ್ಲಿ ಎತ್ತುಗಳು ಸಾಯುತ್ತಿದ್ದವು, ಜನರಿಗೆ ಊಟವಿರಲಿಲ್ಲ. ಮುತ್ತಿಗೆಗೆಂದು ಎಳೆದು ತಂದಿದ್ದ ದೊಡ್ಡ ಫಿರಂಗಿಗಳನ್ನು ಎಳೆಯುವವರಿಲ್ಲದೆ ತಾನೇ ಹಾಳು ಮಾಡಿ ಬೆಂಗಳೂರಿಗೆ ಹಿಂದಿರುಗಿದ. ಅವನು ಮತ್ತೆ ಶ್ರೀರಂಗಪಟ್ಟಣದ ಮುಂದೆ ನಿಂತದ್ದು 1792ರ ಫೆಬ್ರವರಿಯಲ್ಲಿ. ಕಾಲ ಮಧ್ಯಯುಗದ್ದಲ್ಲ, ಆದರೆ ಎತ್ತಿನ ಹೊಟ್ಟೆಗೆ ಕಾಲಭೇದವಿಲ್ಲ.

ದಂಡಿಗೆ ದವಸ ಎಲ್ಲಿಂದ ಬರುತ್ತಿತ್ತು ಎಂಬುದಕ್ಕೂ ದಖ್ಖನ್ನಿನಲ್ಲಿ ಒಳ್ಳೆಯ ಮಾದರಿಯಿದೆ. ಬಂಜಾರರು ಸಾವಿರಾರು ಹೇರೆತ್ತುಗಳ ಮೇಲೆ ಕಾಳು, ಉಪ್ಪು ಹೊತ್ತು ಸೇನೆಗಳ ಹಿಂದೆ ನಡೆಯುತ್ತಿದ್ದರು. ಯುದ್ಧದಲ್ಲಿರುವ ಎರಡೂ ಕಡೆಯವರಿಗೂ ಅವರು ಬೇಕಾಗುತ್ತಿತ್ತು. ನಿಮ್ಮ ಲೋಕದಲ್ಲಿ ಇಂಥ ಒಂದು ಸಮುದಾಯ ಇರಲಿ. ಯಾವ ದಂಡು ಎಲ್ಲಿಗೆ ಹೊರಟಿದೆ ಎಂದು ರಾಜರಿಗಿಂತ ಮೊದಲು ಗೊತ್ತಾಗುವುದು ದವಸದವರಿಗೆ. ರಾಣಿ ಕರಿಗಲ್ಲಿಗೆ ಮೂರು ತಿಂಗಳ ಕಾಳು ಬೇಕೆಂದು ಅವರಲ್ಲಿ ಮುಂಗಡ ಕೊಟ್ಟರೆ, ಆ ಸುದ್ದಿ ಹೊಳೆಬಾಗಿಲಿನ ಸಂತೆಗೆ ತಾನಾಗಿ ಮುಟ್ಟುತ್ತದೆ.

ಹಂತ 5: ಕಾಣುವುದನ್ನೆಲ್ಲ ನಿಜ ಮಾಡಿ

ಕರಿಗಲ್ಲಿನ ಗೋಡೆಯ ಮೇಲೆ ನಿಂತವನಿಗೆ ಏನು ಕಾಣುತ್ತದೆ? ರಾತ್ರಿ ಒಲೆಗಳು. ಹತ್ತು ಜನಕ್ಕೆ ಒಂದು ಒಲೆ ಎಂದರೆ 3,000 ಜನಕ್ಕೆ 300. ರಾಣಿಯ ಬಹುಪಾಲು ಸೇನೆ ಇಲ್ಲೇ ಇದೆ, 8,000 ಜನ ಇದ್ದಾರೆ ಎಂದು ನಂಬಿಸಲು 800 ಒಲೆ ಉರಿಯಬೇಕು. ಅಷ್ಟು ಸೌದೆ ಕಡಿಯುವವರು ಯಾರು? ಒಲೆ ಇದೆ, ಆದರೆ ಬೆಳಿಗ್ಗೆ ಹೊಳೆಗೆ ನೀರಿಗಿಳಿಯುವವರು ಕಡಿಮೆ ಇದ್ದಾರೆ ಎಂದು ಒಳಗಿನ ಒಬ್ಬ ಮುದಿ ಕಾವಲುಗಾರ ಎಣಿಸಿದರೆ? ಇಂಥ ಅನುಮಾನದ ಒಂದು ಎಳೆ ಕತೆಗೆ ಬಿಗಿ ಕೊಡುತ್ತದೆ.

ಮಾಡಬೇಕಾದ ಕೆಲಸಗಳು ಸಾಕಷ್ಟಿವೆ: ದಾರಿಗಳಿಗೆ ಕಾವಲು, ಸುತ್ತ ಮುಳ್ಳುಬೇಲಿ ಮತ್ತು ಹಳ್ಳ, ಕಂದಕ ತುಂಬಲು ಮಣ್ಣು ಹೊರುವುದು, ಏಣಿಗೆ ಬಿದಿರು ಕಡಿಯುವುದು, ಗೋಡೆಯ ಬುಡಕ್ಕೆ ಸುರಂಗ. ಮದ್ದುಗುಂಡು ಇಲ್ಲದ ಲೋಕವಾದರೆ ಕವಣೆಯಂತ್ರ, ಅಂದರೆ ಒಂದು ತುದಿಗೆ ಭಾರ ಕಟ್ಟಿದ ಉದ್ದ ತೊಲೆಯಿಂದ ಕಲ್ಲೆಸೆಯುವ ಯಂತ್ರ. ಅದರ ದೊಡ್ಡ ತೊಲೆಗಳು ಎಲ್ಲ ಕಾಡಿನಲ್ಲೂ ಸಿಗುವುದಿಲ್ಲ. ಬಡಗಿಗಳು, ಹಗ್ಗ, ಕಮ್ಮಾರರು ಬೇಕು. ರಾಣಿಯ ಬಳಿ ಇಂಥ ಎರಡೇ ಯಂತ್ರವಿದ್ದರೆ, ಎರಡನ್ನೂ ಕರಿಗಲ್ಲಿಗೇ ಕಳಿಸಬೇಕಾಗಬಹುದು. ಬೆಲೆಬಾಳುವ ಯಂತ್ರವನ್ನು ಯಾರೂ ನಾಟಕಕ್ಕೆ ಒಡ್ಡುವುದಿಲ್ಲ ಎಂದು ಶತ್ರು ಯೋಚಿಸುತ್ತಾನೆ. ಆಗ ಹೊಳೆಬಾಗಿಲನ್ನು ಯಂತ್ರವಿಲ್ಲದೆ ಹೇಗೆ ಗೆಲ್ಲುತ್ತಾಳೆ ಎಂಬುದು ನಿಮ್ಮ ಮುಂದಿನ ಸಮಸ್ಯೆ. ಅದು ಒಳ್ಳೆಯ ಸಮಸ್ಯೆ, ತಪ್ಪಿಸಿಕೊಳ್ಳಬೇಡಿ.

ರೂಢಿಯಿಂದ ಮೋಸ ಮಾಡುವುದು ಇನ್ನೊಂದು ದಾರಿ. ಕ್ರಿ.ಪೂ. 326ರಲ್ಲಿ ಝೇಲಂ ನದಿಯ ಆಚೆ ದಡದಲ್ಲಿ ಪೋರಸ್ ಆನೆಗಳೊಂದಿಗೆ ಕಾದಿದ್ದಾಗ, ಅಲೆಕ್ಸಾಂಡರ್ ರಾತ್ರಿ ರಾತ್ರಿಯೂ ಕುದುರೆ ದಂಡನ್ನು ದಡದುದ್ದ ಓಡಾಡಿಸಿ ಗದ್ದಲ ಎಬ್ಬಿಸಿದ. ಮೊದಮೊದಲು ಪೋರಸ್ ಪ್ರತಿ ಸದ್ದಿಗೂ ಆನೆಗಳನ್ನು ನಡೆಸಿದ. ಬರೀ ಗದ್ದಲ ಎಂದು ಗೊತ್ತಾದ ಮೇಲೆ ಬಿಟ್ಟುಬಿಟ್ಟ. ಆಮೇಲೊಂದು ಮಳೆಯ ರಾತ್ರಿ, ಬಿಡಾರದಲ್ಲಿ ತನ್ನ ಸೇನಾನಿ ಕ್ರೇಟರಸ್‌ನನ್ನು ಎಲ್ಲರಿಗೂ ಕಾಣುವಂತೆ ಬಿಟ್ಟು, ಅಲೆಕ್ಸಾಂಡರ್ ದೂರ ಹೋಗಿ ನದಿ ದಾಟಿದ. ನಿಮ್ಮ ರಾಣಿಯ ಸವಾರರು ಹದಿನೈದು ದಿನ ಹೊಳೆಬಾಗಿಲಿನ ಸುತ್ತ ಧೂಳೆಬ್ಬಿಸಿ ಓಡಿಹೋಗುತ್ತಿದ್ದರೆ, ಹದಿನಾರನೇ ದಿನದ ಧೂಳಿಗೆ ಯಾರೂ ತಲೆಯೆತ್ತುವುದಿಲ್ಲ.

ಹಂತ 6: ಯಾರಿಗೆ ಗೊತ್ತಿದೆ ಎಂದು ನಿರ್ಧರಿಸಿ

ಕರಿಗಲ್ಲಿನ 3,000 ಜನರಲ್ಲಿ ಇದು ಗಾಳ ಎಂದು ಎಷ್ಟು ಮಂದಿಗೆ ಗೊತ್ತು? ಎಲ್ಲರಿಗೂ ಗೊತ್ತಿದ್ದರೆ ಒಬ್ಬ ಸೆರೆಸಿಕ್ಕರೂ ಗುಟ್ಟು ಹೋಯಿತು. ಯಾರಿಗೂ ಗೊತ್ತಿಲ್ಲದಿದ್ದರೆ ಹಿಂದೆ ಸರಿಯುವ ಹೊತ್ತು ಯಾರಿಗೂ ತಿಳಿಯುವುದಿಲ್ಲ. ನನ್ನ ಸಲಹೆ: ಅಲ್ಲಿನ ದಂಡು ನಡೆಸುವ ದಳವಾಯಿಗೆ ಮತ್ತು ಇನ್ನೊಬ್ಬರಿಗೆ ಮಾತ್ರ ಗೊತ್ತಿರಲಿ. ದಳವಾಯಿ ಸತ್ತರೆ ಏನು ಗತಿ ಎಂದು ಆ ಇನ್ನೊಬ್ಬರು.

ಓದುಗರಿಗೆ ಹೇಳಬೇಕೋ ಬೇಡವೋ? ಇದರ ಬಗ್ಗೆ ಬಹಳ ಪತ್ರ ಬರುತ್ತವೆ. ಬಚ್ಚಿಟ್ಟು ಕೊನೆಗೆ ಬೆರಗು ಹುಟ್ಟಿಸಬೇಕೆಂದು ಹೆಚ್ಚಿನವರ ಆಸೆ. ನಾನು ಹೇಳಿಬಿಡಿ ಎನ್ನುತ್ತೇನೆ. ಗುಟ್ಟು ಗೊತ್ತಿದ್ದರೆ ಕರಿಗಲ್ಲಿನ ಪ್ರತಿ ಸಾವೂ ಓದುಗರಿಗೆ ಭಾರವಾಗುತ್ತದೆ. ಬೇಕಾಗಿಲ್ಲದ ಗೋಡೆಗೆ ಏಣಿ ಹಚ್ಚಲು ದಳವಾಯಿ ತನ್ನ ಊರಿನ ಹುಡುಗರನ್ನು ಕಳಿಸುವಾಗ, "ಇನ್ನೊಂದು ಸಲ ನುಗ್ಗಿದರೆ ಕೋಟೆ ನಮ್ಮದೇ ಅಣ್ಣಾ" ಎಂದು ಒಬ್ಬ ಹುರುಪಿನಿಂದ ಹೇಳುವಾಗ, ಉತ್ತರ ಗೊತ್ತಿರುವವರು ದಳವಾಯಿ ಮತ್ತು ಓದುಗರು ಇಬ್ಬರೇ ಆಗಿರುತ್ತಾರೆ. ಕೊನೆಯ ಬೆರಗು ಒಂದು ಪುಟದ್ದು, ಈ ಭಾರ ನೂರು ಪುಟದ್ದು. ಬಚ್ಚಿಡಲೇಬೇಕು ಎಂದಾದರೆ ಒಂದು ನಿಯಮ ಪಾಲಿಸಿ: ಗುಟ್ಟು ಗೊತ್ತಿರುವ ಪಾತ್ರದ ಮನಸ್ಸಿನೊಳಗೆ ಹೊಕ್ಕು ಬರೆಯಬೇಡಿ. ಅವನ ತಲೆಯಲ್ಲಿದ್ದೂ ಅದೊಂದನ್ನೇ ಯೋಚಿಸದಂತೆ ಬರೆಯುವುದು ಓದುಗರಿಗೆ ಮಾಡುವ ವಂಚನೆ.

ಕೌಟಿಲ್ಯನ ಅರ್ಥಶಾಸ್ತ್ರದ ಹದಿಮೂರನೆಯ ಅಧಿಕರಣ, ಅಂದರೆ ಭಾಗ, ಇಡೀ ಕೋಟೆ ಗೆಲ್ಲುವುದರ ಬಗ್ಗೆ. ಅದು ಐದು ಉಪಾಯ ಹೇಳುತ್ತದೆ: ಒಳಗಿನವರನ್ನು ಒಡೆಯುವ ಉಪಜಾಪ, ಗೂಢಚಾರರನ್ನು ಬಿಡುವ ಅಪಸರ್ಪ, ಶತ್ರುವನ್ನು ಉಪಾಯದಿಂದ ಹೊರಗೆಳೆಯುವ ವಾಮನ, ಮುತ್ತಿಗೆ ಹಾಕುವ ಪರ್ಯುಪಾಸನ, ಲಗ್ಗೆ ಹಾಕುವ ಅವಮರ್ದ. ಮೈಸೂರಿನಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಈ ಗ್ರಂಥದ ತಾಳೆಗರಿ ಸಿಕ್ಕಿ 1909ರಲ್ಲಿ ಅದು ಅಚ್ಚಾಯಿತು, ಹುಡುಕಿ ಓದಿ. ಗಮನಿಸಬೇಕಾದದ್ದು ಏನೆಂದರೆ ಈ ಐದರಲ್ಲಿ ಗೋಡೆಗೆ ನುಗ್ಗುವುದು ಒಂದೇ. ನಿಮ್ಮ ರಾಣಿಯ ಬಳಿ ಯಂತ್ರವಿಲ್ಲ, ಆದರೆ ಹೊಳೆಬಾಗಿಲಿನಲ್ಲಿ ಉಳಿದ 2,000 ಜನರಲ್ಲಿ ಸಂಬಳ ಸಿಗದವನೊಬ್ಬ ಇರಬಹುದಲ್ಲ? 1098ರಲ್ಲಿ ಅಂತಿಯೋಕ್ ನಗರ ಬಿದ್ದದ್ದು ಹಾಗೆ. ಬರುತ್ತಿರುವ ಬಿಡುಗಡೆ ದಂಡನ್ನು ಎದುರಿಸಲು ಹೊರಟವರಂತೆ, ಮುತ್ತಿಗೆ ಹಾಕಿದ್ದ ಕ್ರುಸೇಡರುಗಳು, ಅಂದರೆ ಯೂರೋಪಿನಿಂದ ಬಂದ ಕ್ರೈಸ್ತ ಧರ್ಮಯೋಧರು, ಸಂಜೆ ಬಿಡಾರ ಬಿಟ್ಟು ನಡೆದರು. ಕತ್ತಲಲ್ಲಿ ಹಿಂದಿರುಗಿದಾಗ ಬುರುಜು ಕಾಯುತ್ತಿದ್ದ ಫಿರೂಜ್ ಎಂಬವನು ಏಣಿ ಹಾಕಿಸಿಕೊಂಡ.

ಹಂತ 7: ಮಾಯೆಗೆ ಕಟ್ಟು ಹಾಕಿ

ಫ್ಯಾಂಟಸಿ ಲೋಕದಲ್ಲಿ ಹುಸಿ ಮುತ್ತಿಗೆಯನ್ನು ಕೊಲ್ಲುವುದು ಎರಡು: ದೂರದ್ದನ್ನು ಕಾಣುವ ಶಕ್ತಿ, ದೂರಕ್ಕೆ ಮಾತಾಡುವ ಶಕ್ತಿ. ಶತ್ರುವಿನ ಮಂತ್ರವಾದಿ ಅಂಜನ ಹಾಕಿ ನೋಡಿ "ರಾಣಿ ಕಾಡಿನಲ್ಲಿದ್ದಾಳೆ" ಎಂದರೆ ಕತೆ ಮುಗಿಯಿತು. ಗಂಡಭೇರುಂಡದ ಮೇಲೆ ಹಾರುವ ಬೇಹುಗಾರನಿದ್ದರೆ ದೂತನ ಎರಡು ದಿನ ಅರ್ಧ ದಿನವಾಗುತ್ತದೆ, ಮೂರನೇ ಹಂತದ ಲೆಕ್ಕವೆಲ್ಲ ಅಡಿಮೇಲು.

ಹಾಗೆಂದು ಮಾಯೆ ಬಿಡಬೇಕಿಲ್ಲ. ಅದಕ್ಕೊಂದು ಮಿತಿ ಇಡಿ, ಆ ಮಿತಿ ಮೊದಲೇ ಓದುಗರಿಗೆ ಗೊತ್ತಿರಲಿ. ಅಂಜನದಲ್ಲಿ ಕೇಳಿದ್ದಷ್ಟೇ ಕಾಣುತ್ತದೆ ಎಂದಿಟ್ಟುಕೊಳ್ಳಿ. "ಕರಿಗಲ್ಲಿನಲ್ಲಿ ಮುತ್ತಿಗೆ ನಿಜವೇ?" ಎಂದು ರಾಜ ಕೇಳುತ್ತಾನೆ. ಅಂಜನ ನಿಜವನ್ನೇ ತೋರಿಸುತ್ತದೆ: ಮಣ್ಣು ಹೊರುವವರು, ರಕ್ತ, ಉರಿಯುವ ಹುಲ್ಲುಬಣವೆ. ರಾಣಿ ಎಲ್ಲಿದ್ದಾಳೆ ಎಂದು ಅವನು ಕೇಳಲಿಲ್ಲ. ಮುತ್ತಿಗೆ ನಿಜವಾಗಿದ್ದಕ್ಕೇ ಮಾಯೆಯೂ ಇಲ್ಲಿ ರಾಣಿಯ ಕಡೆ ಸಾಕ್ಷಿ ನುಡಿಯಿತು.

ಮಾಯಾಸೈನ್ಯ ಸೃಷ್ಟಿಸಿ ಕೋಟೆಯ ಮುಂದೆ ನಿಲ್ಲಿಸುವ ಯೋಚನೆ ಹಲವರಿಗೆ ಬರುತ್ತದೆ. ನನಗದು ಒಗ್ಗುವುದಿಲ್ಲ. ಸಾಯದವರ ಮುತ್ತಿಗೆಯಲ್ಲಿ ಯಾರಿಗೂ ಕಳೆದುಕೊಳ್ಳುವುದೇನಿಲ್ಲ, ಓದುಗರಿಗೂ ಇಲ್ಲ.

ಹಂತ 8: ಹಿಂದೆ ಸರಿಯುವುದನ್ನು ಬರೆಯಿರಿ

ಹೊಳೆಬಾಗಿಲು ಬಿದ್ದ ಕ್ಷಣ ಬರಹಗಾರರು ಕರಿಗಲ್ಲನ್ನು ಮರೆತುಬಿಡುತ್ತಾರೆ. ಅಲ್ಲಿ ಇನ್ನೂ ಮೂರು ಸಾವಿರ ಜನ ಇದ್ದಾರೆ. ಪಟ್ಟಿಗೆ ಹಿಂದಿರುಗಿ: ಶತ್ರು ಮುಟ್ಟುವುದು 9ನೇ ದಿನದ ಸಂಜೆ. 6ನೇ ದಿನವೇ ಮುತ್ತಿಗೆ ಬಿಟ್ಟರೆ ಕೋಟೆಯವರು ದೂತನನ್ನು ಓಡಿಸಿ ರಾಜನನ್ನು ದಾರಿಯಲ್ಲೇ ನಿಲ್ಲಿಸುತ್ತಾರೆ. 9ನೇ ದಿನದವರೆಗೆ ಕೂತರೆ ಎದುರಿಗೆ ಹತ್ತು ಸಾವಿರ, ಬೆನ್ನಿಗೆ ಕೋಟೆಯ ಬಾಗಿಲು ತೆರೆದು ನುಗ್ಗುವವರು. ಇರುವುದು 8ನೇ ದಿನದ ರಾತ್ರಿ ಒಂದೇ. ಒಲೆಗಳು ಉರಿಯುತ್ತಿರಬೇಕು, ಯಂತ್ರಗಳನ್ನು ಸದ್ದಿಲ್ಲದೆ ಕೆಡಿಸಬೇಕು, ನಡೆಯಲಾಗದ ಗಾಯಾಳುಗಳನ್ನು ಏನು ಮಾಡುವುದೆಂದು ಒಬ್ಬರು ನಿರ್ಧರಿಸಬೇಕು. ಬೆಳಗಿನ ತನಕ ಒಲೆಗೆ ಸೌದೆ ಹಾಕುತ್ತ ಕೂರಲು ಐವತ್ತು ಜನ ಬೇಕು. ಯಾರು ಉಳಿಯುತ್ತಾರೆ, ಅವರಿಗೆ ಏನೆಂದು ಹೇಳುತ್ತಾರೆ?

ಇಲ್ಲಿ ಏನಾದರೂ ಒಂದು ತಪ್ಪಬೇಕು. ಒಂದೇ ಸಾಕು, ಆದರೆ ಅದು ಮೊದಲೇ ಬಿತ್ತಿದ ಕಾರಣದಿಂದಲೇ ಮೊಳೆಯಲಿ. 7ನೇ ದಿನ ಕರಿಗಲ್ಲಿನ ಹೊಂಡದ ನೀರು ಮುಗಿದು, ಕೋಟೆಯವರು ಬಿಳಿ ಬಟ್ಟೆ ತೋರಿಸಿ ಶರಣಾಗಲು ಬಂದರೆ ದಳವಾಯಿ ಏನು ಮಾಡುತ್ತಾನೆ? ಒಪ್ಪಿಕೊಂಡರೆ ಕೋಟೆ ಬಿದ್ದ ಸುದ್ದಿ ಹೋಗುತ್ತದೆ, ಬಿಡುಗಡೆ ದಂಡು ನಿಲ್ಲುತ್ತದೆ, ರಾಣಿ ಬಯಲಿನಲ್ಲಿ ಸಿಕ್ಕಿಬೀಳುತ್ತಾಳೆ. ಒಪ್ಪದಿದ್ದರೆ ಬಾಯಾರಿ ಸಾಯುವವರನ್ನು ಇನ್ನೊಂದು ದಿನ ಒಳಗೇ ಇಡಬೇಕು, ಅದೂ ಯಾಕೆಂದು ತನ್ನವರಿಗೂ ಹೇಳದೆ. ಈ ದೃಶ್ಯವನ್ನು ಮೊದಲು ಕೋಟೆಯೊಳಗಿನಿಂದ ಬರೆಯಿರಿ. ಖಾಲಿ ಕೊಡ ಹಿಡಿದು ದಿಡ್ಡಿ ಬಾಗಿಲಿನಲ್ಲಿ ನಿಂತ ಹೆಂಗಸಿನ ಕಣ್ಣಿನಿಂದ, ಆಚೆ ಸಾಲಾಗಿ ಉರಿಯುವ ಒಲೆಗಳನ್ನು ನೋಡುತ್ತ.